ಓದಿ ಹೇಳಲಾಗಿದೆ

೯ ಜೂನ್ ೧೯೮೬, ಸೋಮವಾರ

ಹನ್ನೊಂದು ಪುಟ. ಒಂದು ಮೂಲ, ನಾಲ್ಕು ಕಾರ್ಬನ್ ಪ್ರತಿ. ಹತ್ತೂವರೆಗೆ ಶುರು ಮಾಡಿ ನಾಲ್ಕಕ್ಕೆ ಮುಗಿಸಿದೆ. ಊಟಕ್ಕೆ ಎದ್ದದ್ದು ಇಪ್ಪತ್ತು ನಿಮಿಷ. ಕೊನೆಯ ಪ್ರತಿ ಮಸುಕಾಗಿದೆ, ಆದರೆ ಓದಬಹುದು.

ಅರೆಕೆರೆಯಿಂದಾಚೆ ಹೊನ್ನಕ್ಕನ ಕೆರೆ ಎಂದು ಒಂದಿದೆಯಂತೆ. ಶಾಂತಿಧಾಮ ಗೃಹ ನಿರ್ಮಾಣ ಸಂಘದವರು ಅದನ್ನು ಮುಚ್ಚಿ ಸೈಟು ಮಾಡಲು ಹೊರಟಿದ್ದಾರೆ. ತಡೆಯಲು ಹೈಕೋರ್ಟಿಗೆ ಅರ್ಜಿ. ನಮ್ಮ ಲಾಯರು ರಾಮಪ್ರಸಾದರು ಎರಡು ವರ್ಷದಿಂದ ಇಂಥ ಕೇಸು ಹಿಡಿಯುತ್ತಿದ್ದಾರೆ. ಮೊದಲು ಕಲ್ಲು ಕ್ರಷರಿನ ಧೂಳು, ಆಮೇಲೆ ಬಣ್ಣದ ಕಾರ್ಖಾನೆಯ ನೀರು, ಈಗ ಕೆರೆ. ಜೂನಿಯರ್ ವಿಮಲಾ ಬಂದ ಮೇಲೆ ಇನ್ನೂ ಹೆಚ್ಚಾಗಿದೆ. ಅರ್ಜಿದಾರ ಯಾರಾಗಬೇಕು ಎಂದು ಇಬ್ಬರೂ ಒಂದು ವಾರ ಮಾತಾಡಿದರು. "ಕೆರೆ ತಾನೇ ಬಂದು ವಕಾಲತ್ತಿಗೆ ಸೈನ್ ಹಾಕಲ್ಲ ಕಣಮ್ಮ. ಅದರ ಪರವಾಗಿ ಒಬ್ಬ ಮನುಷ್ಯ ಬೇಕು. ಅವನಿಗೂ ಆ ನೀರಿಗೂ ಸಂಬಂಧ ಇರಬೇಕು" ಎಂದರು ರಾಮಪ್ರಸಾದರು. ಕೊನೆಗೆ ಆ ಕೆರೆಯ ನೀರುಗಂಟಿ ಯಲ್ಲಯ್ಯ ಎಂಬುವರು ಒಪ್ಪಿದ್ದಾರೆ. ತೂಬು ಎತ್ತಿ ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಬಿಡುವುದು ಅವರ ಮನೆತನದ ಕೆಲಸ.

ಕೊನೆಯ ಎರಡು ಪುಟ ಷೆಡ್ಯೂಲು. ಯಾವ ಜಾಗದ ಮೇಲೆ ತಡೆ ಬೇಕೋ ಆ ಜಾಗದ ಸರ್ವೆ ನಂಬರು, ಎಲ್ಲೆ, ಅಳತೆ. ಅದನ್ನು ಮನೆಗೆ ತಂದು ಕರಡಿನೊಡನೆ ತಾಳೆ ನೋಡಿದೆ. ಕರಡಿನ ಮೇಲೊಂದು ಅಡಿಕೋಲು, ಟೈಪಾದ ಹಾಳೆಯ ಮೇಲೊಂದು, ಸಾಲು ಸಾಲಾಗಿ ಕೆಳಕ್ಕೆ ಸರಿಸುತ್ತ. ಮೊದಲು ನನ್ನ ತಮ್ಮ ಕರಡನ್ನು ಜೋರಾಗಿ ಓದುತ್ತಿದ್ದ, ನಾನು ಟೈಪಾದದ್ದನ್ನು ನೋಡುತ್ತ ಪ್ರತಿ ಸಾಲಿಗೂ "ಸರಿ" ಎನ್ನುತ್ತಿದ್ದೆ. ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವನಾದ್ದರಿಂದ ಕಾಮಾ, ಫುಲ್‌ಸ್ಟಾಪುಗಳನ್ನೂ ಬಾಯಿಬಿಟ್ಟು ಓದುತ್ತಿದ್ದ. ಅವನು ತೀರಿಕೊಂಡು ಮೂರು ತಿಂಗಳು ಐದು ದಿನ. ಅಡಿಕೋಲಿನಿಂದಲೂ ಕೆಲಸ ಆಗುತ್ತದೆ.

೧೨ ಜೂನ್, ಗುರುವಾರ

ಯಲ್ಲಯ್ಯ ಹೆಂಡತಿಯ ಜೊತೆ ಬಂದಿದ್ದರು. ಅರವತ್ತು ದಾಟಿದವರು, ಎತ್ತರ. ಪ್ರಮಾಣ ಮಾಡಿಸುವವರ ಕಚೇರಿ ಐದಕ್ಕೆ ಮುಚ್ಚುತ್ತದೆ, ಆಗಲೇ ನಾಲ್ಕೂಕಾಲು. ವಿಮಲಾ ಅವಸರಿಸುತ್ತಿದ್ದಳು. ಯಲ್ಲಯ್ಯ ವೆರಾಂಡದಲ್ಲೇ ನಿಂತು, ಜಗುಲಿಯ ಮೇಲೆ ಹಾಳೆಗಳನ್ನು ಹರಡಿ ಹೆಬ್ಬೆಟ್ಟು ಒತ್ತಿದರು. ಮೂರು ಕಡೆ, ಐದು ಪ್ರತಿ, ಒಟ್ಟು ಹದಿನೈದು. ಎಲ್ಲಿ ಒತ್ತಬೇಕೆಂದು ನಾನು ಬೆರಳಿಟ್ಟು ತೋರಿಸಿದೆ. ಮುಗಿದ ಮೇಲೆ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡರು.

ಹೆಬ್ಬೆಟ್ಟಿನ ಕೆಳಗೆ ಎಂದಿನ ವಾಕ್ಯ: ಮೇಲಿನ ವಿಷಯವನ್ನು ಪ್ರಮಾಣ ಮಾಡುವವರಿಗೆ ಕನ್ನಡದಲ್ಲಿ ಓದಿ ಹೇಳಲಾಗಿದೆ, ಅವರು ಅರ್ಥಮಾಡಿಕೊಂಡು ಒಪ್ಪಿದ್ದಾರೆ. ಅದರ ಕೆಳಗೆ ರಾಮಪ್ರಸಾದರ ಸಹಿ. ಇಂಗ್ಲಿಷಿನಲ್ಲಿ ಒಂದೂವರೆ ಸಾಲು. ಇಪ್ಪತ್ತೊಂದು ವರ್ಷದಿಂದ ಟೈಪ್ ಮಾಡುತ್ತಿದ್ದೇನೆ. ನೋಡದೆಯೇ ಬರುತ್ತದೆ.

೧೭ ಜೂನ್, ಮಂಗಳವಾರ

ತಡೆಯಾಜ್ಞೆ ಸಿಕ್ಕಿತು. ಷೆಡ್ಯೂಲಿನಲ್ಲಿ ಕಾಣಿಸಿದ ಜಾಗದಲ್ಲಿ ಮುಂದಿನ ಆದೇಶದವರೆಗೆ ಯಾರೂ ಮಣ್ಣು ಹಾಕಕೂಡದು. ವಿಮಲಾ ಕೋರ್ಟಿನಿಂದ ಬರುವಾಗ ಖಾರಾ ಬನ್ ತಂದಳು. ತಿಂದೆ.

ಲೈಬ್ರರಿಯ ಪುಸ್ತಕವನ್ನು ಎರಡನೆಯ ಸಲ ಹೆಸರು ಬರೆಸಿ ತಂದಿದ್ದೇನೆ. ರಷ್ಯನ್ನಿನಿಂದ ಅನುವಾದವಾದ ಕಾದಂಬರಿ. ಮೊದಲು ಇಂಥವನ್ನು ದಿನಕ್ಕೆ ನಲವತ್ತು ಪುಟ ಓದುತ್ತಿದ್ದೆ. ಈಗ ಒಂದೇ ಪುಟವನ್ನು ಮೂರು ಸಲ ಓದುತ್ತೇನೆ. ಅನುವಾದ ಚೆನ್ನಾಗಿಯೇ ಇದೆ. ಯಾರು ಯಾರ ಅಣ್ಣ ಎಂಬುದು ತಲೆಯಲ್ಲಿ ನಿಲ್ಲುವುದಿಲ್ಲ.

೨೧ ಜೂನ್, ಶನಿವಾರ

ಮಳೆ. ಬಟ್ಟೆ ಒಳಗೆ ತಂದೆ.

೨೬ ಜೂನ್, ಗುರುವಾರ

ನಾನು ಬೀಗ ತೆಗೆಯುವ ಮೊದಲೇ ಯಲ್ಲಯ್ಯ ಗೇಟಿನ ಹತ್ತಿರ ನಿಂತಿದ್ದರು. ಅರೆಕೆರೆಯಿಂದ ಜಯನಗರ ಮೂರನೇ ಬ್ಲಾಕಿನವರೆಗೆ ನಡೆದೇ ಬಂದಿದ್ದರಂತೆ. ರಾಮಪ್ರಸಾದರು ಒಳಗಿನಿಂದ ಬಂದು ಏನೆಂದು ಕೇಳಿದರು.

"ಲಾರಿ ಬಂದವೆ ಸಾರ್. ಕಾಲುವೆಗೆ ಮಣ್ಣು ಸುರೀತಾವ್ರೆ."

"ಆರ್ಡರ್ ಕಾಪಿ ತೋರಿಸಲಿಲ್ವೇನ್ರೀ?"

"ತೋರ್ಸಿದೆ. ಮೇಸ್ತ್ರಿ ಓದಿ ನಕ್ಕ. ಇದ್ರಲ್ಲಿ ಕೆರೆ ಐತೆ ತಾತ, ಕಾಲುವೆ ಎಲ್ಲೈತೆ, ತೋರ್ಸು ಅಂದ."

ವಿಮಲಾ ಫೈಲು ತೆಗೆದು ಷೆಡ್ಯೂಲನ್ನು ಓದಿದಳು. ಕೆರೆಯಂಗಳ ಇತ್ತು, ಏರಿ ಇತ್ತು, ಹೆಚ್ಚಿನ ನೀರು ಹೊರಗೆ ಹೋಗುವ ಕೋಡಿ ಇತ್ತು. ಪಶ್ಚಿಮದ ದಿಣ್ಣೆಯಿಂದ ಮಳೆನೀರನ್ನು ಕೆರೆಗೆ ತರುವ ಕಾಲುವೆ ಇರಲಿಲ್ಲ. ಅವಳು ಎರಡು ಸಲ ಓದಿದಳು. ಆ ಕಾಲುವೆ ಮುಚ್ಚಿದರೆ ಕೆರೆಗೆ ನೀರೇ ಬರುವುದಿಲ್ಲ. ಎರಡು ಮಳೆಗಾಲ ಕಳೆದರೆ ಇದು ಬತ್ತಿದ ಕೆರೆ, ಬರೀ ಹಳ್ಳ ಎಂದು ಸಂಘದವರೇ ಕೋರ್ಟಿಗೆ ಹೇಳುತ್ತಾರೆ. ಆಗ ತಡೆಯಾಜ್ಞೆ ಇದ್ದೂ ಇಲ್ಲದಂತೆ.

"ನನ್ನ ಡ್ರಾಫ್ಟಲ್ಲೇ ಬಿಟ್ಟೋಗಿದೆ. ವಯಸ್ಸಾಯ್ತು ನೋಡು" ಎಂದರು ರಾಮಪ್ರಸಾದರು. ಷೆಡ್ಯೂಲು ತಿದ್ದಲು ಇನ್ನೊಂದು ಅರ್ಜಿ ಹಾಕಬೇಕು. ಮೊದಲು ಕೆರೆ ಎಂದರು, ಅದು ಸಿಕ್ಕ ಮೇಲೆ ಕಾಲುವೆಗೂ ಕೈಚಾಚಿದರು ಎಂದು ಸಂಘದ ವಕೀಲರು ಹೇಳಿಯೇ ಹೇಳುತ್ತಾರೆ.

ನಾನು ಆಗ ಟೈಪ್‌ರೈಟರಿಗೆ ರಿಬ್ಬನ್ ಹಾಕುತ್ತಿದ್ದೆ.

೨೭ ಜೂನ್, ಶುಕ್ರವಾರ

ಕೇಸು ಮುಗಿಯುವವರೆಗೆ ಕರಡು ಎಸೆಯಬಾರದೆಂಬುದು ನಾನೇ ಮಾಡಿದ ನಿಯಮ. ಬೀರು ತೆಗೆದು ನೋಡಿದೆ. ಹತ್ತನೆಯ ಹಾಳೆ, ರಾಮಪ್ರಸಾದರ ಹಸಿರು ಮಸಿ. ಸಾಲು ಅಲ್ಲೇ ಇದೆ. ಪಶ್ಚಿಮದ ದಿಣ್ಣೆಯಿಂದ ಹೊರಟು, ಸರ್ವೆ ನಂಬರ್ ೫೮ನ್ನು ಹಾದು, ನೀರು ತರುವ ಕಾಲುವೆ, ಕೆರೆಯವರೆಗೆ. ಅದರ ಮೇಲಿನ ಸಾಲೂ 'ಕೆರೆಯವರೆಗೆ' ಎಂದೇ ಮುಗಿಯುತ್ತದೆ. ಟೈಪ್ ಮಾಡುವಾಗ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಜಾರಿದೆ. ತಾಳೆ ನೋಡುವಾಗ ಅಡಿಕೋಲೂ ಹಾಗೆಯೇ ಜಾರಿದೆ.

ಕಿವಿ ಹಾಗೆ ಜಾರುವುದಿಲ್ಲ.

ಒಳಗಿನಿಂದ ರಾಮಪ್ರಸಾದರು ಕರಡು ಸಿಕ್ಕಿತೇ ಎಂದು ಕೇಳಿದರು. ಹುಡುಕುತ್ತೇನೆ ಎಂದೆ. ಆಗ ಅದು ಕೈಯಲ್ಲೇ ಇತ್ತು. ಮಡಿಸಿ ಚೀಲದಲ್ಲಿ, ಊಟದ ಡಬ್ಬಿಯ ಕೆಳಗೆ ಇಟ್ಟೆ.

೨೮ ಜೂನ್, ಶನಿವಾರ

ಕರಡು ಚೀಲದಲ್ಲಿದೆ.

೧ ಜುಲೈ, ಮಂಗಳವಾರ

ತಿದ್ದುಪಡಿಯ ಅರ್ಜಿ ಕೋರ್ಟಿನ ಮುಂದೆ ಬಂತು. ಸಂಘದ ವಕೀಲರು ರಾಮಪ್ರಸಾದರು ಹೇಳಿದ್ದ ಮಾತನ್ನೇ ಹೇಳಿದರಂತೆ, ಇದು ಆಮೇಲೆ ಹುಟ್ಟಿದ ಆಸೆ ಎಂದು. ಮೊದಲಿನಿಂದಲೂ ಕಾಲುವೆ ನಿಮ್ಮ ಮನಸ್ಸಿನಲ್ಲಿತ್ತು ಎಂಬುದಕ್ಕೆ ಹಿಂದಿನ ಕಾಗದ ಏನಾದರೂ ಇದೆಯೇ ಎಂದು ನ್ಯಾಯಾಧೀಶರು ಕೇಳಿದರು. ರಾಮಪ್ರಸಾದರ ಹತ್ತಿರ ಏನೂ ಇರಲಿಲ್ಲ. ಹದಿನೇಳರವರೆಗೆ ಸಮಯ ಕೊಟ್ಟಿದ್ದಾರೆ.

ಸಂಜೆ ವಿಮಲಾ ನನ್ನ ಮೇಜಿನ ಹತ್ತಿರ ಬಂದು ಕರಡಿನ ವಿಷಯ ಎತ್ತಿದಳು. ರದ್ದಿಗೆ ಹೋಗಿರಬಹುದು ಎಂದೆ. ನಾನು ಒಂದು ಹಾಳೆಯನ್ನೂ ರದ್ದಿಗೆ ಹಾಕಿದ್ದನ್ನು ಅವಳು ನೋಡಿಲ್ಲ. ಬೀರುವಿನ ಕಡೆ ನೋಡಿ ಹೋದಳು.

೩ ಜುಲೈ, ಗುರುವಾರ

ಮಧ್ಯಾಹ್ನ ಜೋರು ಮಳೆ. ಮನೆಯಲ್ಲಿ ಒಣಹಾಕಿದ್ದು ಏನೂ ಇರಲಿಲ್ಲ. ರಾಮಪ್ರಸಾದರು ಕಿಟಕಿಯ ಹತ್ತಿರ ನಿಂತಿದ್ದು, ಅಲ್ಲೂ ಬಂದಿರುತ್ತೆ, ಕೆರೆಗೆ ಒಂದು ಚೊಂಬು ಸೇರಿರಲ್ಲ ಎಂದರು. ನನಗೆ ಹೇಳಿದ್ದಲ್ಲ.

೬ ಜುಲೈ, ಭಾನುವಾರ

ಬನ್ನೇರುಘಟ್ಟದ ಬಸ್ಸು ಹತ್ತಿ ಅರೆಕೆರೆಯಲ್ಲಿ ಇಳಿದೆ. ಟೈಪ್ ಮಾಡಿದ ಅಳತೆಗಳು ಸರಿಯಿವೆಯೇ ನೋಡೋಣ ಎಂದುಕೊಂಡಿದ್ದೆ. ಅಳತೆ ನೋಡುವುದು ನನ್ನ ಕೆಲಸವಲ್ಲ.

ಮೂವತ್ತನಾಲ್ಕು ಎಕರೆ ಎಂದು ಟೈಪ್ ಮಾಡುವಾಗ ಅದು ಎಷ್ಟು ದೊಡ್ಡದೆಂದು ಯೋಚಿಸಿರಲಿಲ್ಲ. ಏರಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಲು ಹದಿನಾಲ್ಕು ನಿಮಿಷ ಬೇಕಾಯಿತು. ನೀರು ನಡುವೆ ಮಾತ್ರ ಇದೆ, ನಮ್ಮ ನಾಲ್ಕನೇ ಬ್ಲಾಕಿನ ಶಾಪಿಂಗ್ ಕಾಂಪ್ಲೆಕ್ಸಿನಷ್ಟು ಜಾಗದಲ್ಲಿ. ಸುತ್ತ ಬಿರುಕು ಬಿಟ್ಟ ಕೆಸರು. ಕೊಕ್ಕರೆ ಏಳು.

ಕಾಲುವೆಯ ಅಗಲ ಎಂಟು ಅಡಿ ಎಂದು ಕರಡಿನಲ್ಲಿದೆ. ನನ್ನ ಹೆಜ್ಜೆಯಲ್ಲಿ ನಾಲ್ಕು. ಒಡೆದ ಹೆಂಚು, ಕೆಮ್ಮಣ್ಣು, ಸುಣ್ಣದ ಗಾರೆ, ಒಂದು ಸೀಳಿದ ಪಿಂಗಾಣಿ ತೊಟ್ಟಿ, ಸುಮಾರು ನೂರು ಹೆಜ್ಜೆಯವರೆಗೆ ತುಂಬಿದ್ದಾರೆ. ಗುರುವಾರದ ಮಳೆನೀರು ಅದರ ಆಚೆ ನಿಂತಿತ್ತು. ಕೆರೆಯ ಕಡೆ ಹೋಗಲಾರದೆ ಪಕ್ಕದ ರಾಗಿ ಹೊಲಕ್ಕೆ ಹರಡಿತ್ತು. ರಾಗಿಯ ಪೈರು ಎರಡು ಬೆರಳು ನೀರಿನಲ್ಲಿ ಹಳದಿಯಾಗಿತ್ತು.

ಯಲ್ಲಯ್ಯ ಗುದ್ದಲಿ ಹಿಡಿದು ಅಲ್ಲೇ ಇದ್ದರು. ಹೊಲದ ನೀರನ್ನಾದರೂ ಬೇರೆ ಕಡೆಗೆ ತಿರುಗಿಸಲು ನೋಡುತ್ತಿದ್ದರು. "ಟೈಪ್ ಮೇಡಂ ಅಲ್ವಾ?" ಎಂದು ಗುರುತು ಹಿಡಿದು ಮನೆಗೆ ಕರೆದುಕೊಂಡು ಹೋದರು. ಒಂದೇ ಕೋಣೆಯ ಮನೆ, ಸಾರಿಸಿ ಚೊಕ್ಕಟ. ಗೋಡೆಯ ಮೇಲೆ ಬುದ್ಧನ ಪಟ, ಅದಕ್ಕೆ ಒಂದು ಚೆಂಡುಹೂವು. ಅವರ ಹೆಂಡತಿ ಕೆಂಪಕ್ಕ ಬೆಲ್ಲದ ಕಾಫಿ ಕೊಟ್ಟರು. ಮನೆಯಲ್ಲಿ ಒಂದೇ ಕುರ್ಚಿ. ಅದರ ಮೇಲೆ ನನ್ನನ್ನು ಕೂರಿಸಿ ತಾವಿಬ್ಬರೂ ನೆಲದ ಮೇಲೆ ಕೂತರು. ಕಾಫಿ ಕುಡಿದೆ. ಚೆನ್ನಾಗಿತ್ತು.

"ಈ ವಯ್ಯ ಲಾರಿಗೆ ಅಡ್ಡ ನಿಂತ್ಕಂಡು ಡ್ರೈವರ್ಗೆ ಕಾಲುವೆ ಪುರಾಣ ಹೇಳ್ತದೆ. ಅವ್ನು ಬೀಡಿ ಸೇದೋಗಂಟ ಕೇಳಿ, ಆಮೇಲೆ ಸುರಿದು ಹೋಯ್ತಾನೆ" ಎಂದರು ಕೆಂಪಕ್ಕ.

ಏನು ಪುರಾಣ ಎಂದು ಕೇಳಿದೆ. ಯಲ್ಲಯ್ಯ ಕಣ್ಣು ಮುಚ್ಚಿಕೊಂಡು ದಿಣ್ಣೆಯಿಂದ ಶುರು ಮಾಡಿದರು. ಕವಲು ಹುಣಿಸೆಮರ, ಅಲ್ಲಿಂದ ಚಪ್ಪಡಿ ಕಲ್ಲು, ಅಲ್ಲಿ ಮೊಣಕೈಯಷ್ಟು ತಿರುವು, ಆಮೇಲೆ ಹನುಮಯ್ಯನವರ ಹೊಲದ ಬದು, ಯುಗಾದಿಗೆ ಮುಂಚೆ ಊರವರೆಲ್ಲ ಸೇರಿ ಹೂಳು ಎತ್ತುವ ಜಾಗ, ಆಮೇಲೆ ಕೆರೆಯ ಬಾಯಿ. ಒಂದು ಗಂಟೆ ಬಿಡದೆ ಮಳೆ ಹೊಯ್ದರೆ ನೀರು ಚಪ್ಪಡಿ ಕಲ್ಲು ದಾಟುತ್ತದೆ, ಎರಡು ಗಂಟೆಗೆ ಕೆರೆಯ ಬಾಯಿಗೆ ಬರುತ್ತದೆ. ಒಂದು ಹೆಸರೂ ಹಿಂದು ಮುಂದಾಗಲಿಲ್ಲ. ಕಾಗದದಿಂದ ಓದಿದ ಹಾಗಿತ್ತು.

ಆಮೇಲೆ ಕಣ್ಣು ಬಿಟ್ಟು, ಅವತ್ತು ತಾನು ಹೆಬ್ಬೆಟ್ಟು ಒತ್ತಿದ ಹಾಳೆಯಲ್ಲಿ ಏನಿತ್ತು ಎಂದು ಕೇಳಿದರು. ಹೇಳಿದೆ.

"ಒಂದ್ ಸಲ ಓದಿ ಹೇಳಿದ್ರೆ ನಾನೇ ಹೇಳ್ತಿದ್ದೆ ಮೇಡಂ, ಕಾಲುವೆ ಬಿಟ್ಟೋಗೈತೆ ಅಂತ."

ದೂರಿನ ದನಿಯಲ್ಲ. ಬಸ್ಸು ಆಗಲೇ ಹೋಯಿತು ಎನ್ನುವ ಹಾಗೆ ಹೇಳಿದರು.

"ಹೊರಗೆ ನಿಂತಿರೋನ್ಗೆ ಯಾರು ಓದಿ ಹೇಳ್ತಾರೆ, ಸುಮ್ಕಿರು" ಎಂದರು ಕೆಂಪಕ್ಕ, ಲೋಟ ತೆಗೆದುಕೊಳ್ಳುತ್ತ.

ನಮ್ಮ ಆಫೀಸಿನ ಮುಂದಿನ ಕೋಣೆಯಲ್ಲಿ ಕಕ್ಷಿದಾರರಿಗೆಂದು ನಾಲ್ಕು ಕುರ್ಚಿಗಳಿವೆ. ಅವರು ಹೆಬ್ಬೆಟ್ಟು ಒತ್ತಿದ ದಿನ ನಾಲ್ಕೂ ಖಾಲಿ ಇದ್ದವು.

ಕರಡು ಆಗಲೂ ಚೀಲದಲ್ಲೇ ಇತ್ತು. ಒಂಬತ್ತು ದಿನ.

೭ ಜುಲೈ, ಸೋಮವಾರ

ರಾಮಪ್ರಸಾದರ ಮೇಜಿನ ಮೇಲೆ ಕರಡನ್ನು ಇಟ್ಟು ಸಾಲನ್ನು ತೋರಿಸಿದೆ. ಅವರು ಓದಿ, ಕನ್ನಡಕ ತೆಗೆದಿಟ್ಟರು.

"ಎಷ್ಟು ದಿನದಿಂದ ನಿಮ್ಮ ಹತ್ರ ಇದೆ?"

"ಹತ್ತು ದಿನ ಸಾರ್."

"ಹೂಂ."

ಅವರು ಬಯ್ಯುತ್ತಾರೆಂದು ನಿಂತಿದ್ದೆ. ಬಯ್ಯಲಿಲ್ಲ. ವಿಮಲಾ ಕರಡನ್ನು ಕಸಿದುಕೊಂಡ ಹಾಗೆ ತೆಗೆದುಕೊಂಡು, ಇದೊಂದು ಸಾಕು ಸಾರ್, ಹಿಂದಿನ ಕಾಗದ ಇದೇ ಎಂದಳು. ಆಗ ನಾನು ಇನ್ನೊಂದನ್ನೂ ಹೇಳಿದೆ. ಓದಿ ಹೇಳಲಾಗಿದೆ ಎಂದು ಟೈಪಾಗಿದೆ, ಆದರೆ ಯಾರೂ ಓದಿ ಹೇಳಿಲ್ಲ ಎಂದು. ಇಬ್ಬರಿಗೂ ಅದು ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಆ ವಾಕ್ಯದ ಕೆಳಗಿನ ಸಹಿ ತಮ್ಮದು ಎಂದರು ರಾಮಪ್ರಸಾದರು. ಅದು ಸುಳ್ಳೆಂದಾದರೆ ಪ್ರಮಾಣಪತ್ರವನ್ನೇ ತಳ್ಳಿಹಾಕಬಹುದು, ಅದರ ಜೊತೆ ತಡೆಯಾಜ್ಞೆಯೂ ಹೋಗಬಹುದು. ಕಾಲುವೆ ಕೇಳಲು ಹೋಗಿ ಕೆರೆಯನ್ನೂ ಕಳೆದುಕೊಂಡ ಹಾಗೆ. ಹಾಗಾದರೆ ಆ ವಿಷಯ ನಾವಾಗಿ ಎತ್ತುವುದು ಬೇಡ ಎಂದಳು ವಿಮಲಾ. "ಆ ಕಡೆಯವರು ಕೇಳಿದ್ರೆ?" ಎಂದರು ರಾಮಪ್ರಸಾದರು.

ಸಾಲು ಹೇಗೆ ಬಿಟ್ಟುಹೋಯಿತೆಂದು ನನ್ನ ಹೆಸರಿನಲ್ಲೇ ಒಂದು ಪ್ರಮಾಣಪತ್ರ ಟೈಪ್ ಮಾಡಲು ಹೇಳಿದರು. ನಾನು ಹೊರಡುವಾಗ, "ನಿಮ್ಮ ತಮ್ಮ ಇದ್ದಿದ್ರೆ ಇದಾಗ್ತಿರ್ಲಿಲ್ಲ" ಎಂದರು. ಮಾರ್ಚಿನಿಂದ ಆ ಆಫೀಸಿನಲ್ಲಿ ಯಾರೂ ಅವನ ಮಾತು ತೆಗೆದಿರಲಿಲ್ಲ. ಇಲ್ಲ ಸಾರ್ ಎಂದೆ.

೧೦ ಜುಲೈ, ಗುರುವಾರ

ನಾನು, ಚೂಡಾಮಣಿ, ವಯಸ್ಸು ನಲವತ್ತಮೂರು, ಟೈಪಿಸ್ಟ್, ಜಯನಗರ ನಾಲ್ಕನೇ ಟಿ ಬ್ಲಾಕಿನ ನಿವಾಸಿ, ಪ್ರಮಾಣ ಮಾಡಿ ಹೇಳುವುದೇನೆಂದರೆ.

'ನಾನು' ಎಂದು ಎಷ್ಟು ಸಾವಿರ ಸಲ ಟೈಪ್ ಮಾಡಿದ್ದೇನೋ. ಯಾವುದೂ ನಾನಾಗಿರಲಿಲ್ಲ.

ಅಚಾತುರ್ಯದಿಂದ ಬಿಟ್ಟುಹೋಗಿದೆ ಎಂದು ವಿಮಲಾ ಬರೆದುಕೊಟ್ಟಿದ್ದಳು. ಅದು ನಿಖರವಾಗಿಲ್ಲ. ಮಾರ್ಚ್ ತಿಂಗಳವರೆಗೆ ಎಲ್ಲ ಪ್ರತಿಗಳನ್ನೂ ಇಬ್ಬರು ಕೂತು, ಒಬ್ಬರು ಗಟ್ಟಿಯಾಗಿ ಓದಿ ತಾಳೆ ನೋಡುತ್ತಿದ್ದೆವು, ಇದನ್ನು ನಾನೊಬ್ಬಳೇ ನೋಡಿದೆ ಎಂದು ಟೈಪ್ ಮಾಡಿದೆ. ಇದೆಲ್ಲ ಕೋರ್ಟಿಗೆ ಯಾಕೆ ಎಂದಳು. ಇರಲಿ ಬಿಡು ಎಂದರು ರಾಮಪ್ರಸಾದರು.

೧೭ ಜುಲೈ, ಗುರುವಾರ

ಕೋರ್ಟಿಗೆ ಹೋಗಿದ್ದೆ. ಹಿಂದಿನ ಬೆಂಚಿನಲ್ಲಿ ಕೂತೆ. ಯಲ್ಲಯ್ಯ ಬಾಗಿಲ ಪಕ್ಕ ನಿಂತಿದ್ದರು. ಇಲ್ಲಿ ಬನ್ನಿ ಎಂದು ಕೈಸನ್ನೆ ಮಾಡಿದೆ, ಬಂದು ಪಕ್ಕದಲ್ಲಿ ಕೂತರು. ಬಿಳಿ ಪಂಚೆ, ಗಂಜಿ ಹಾಕಿದ ಅಂಗಿ.

ಸಂಘದ ವಕೀಲರು ಕರಡನ್ನು ಬೆಳಕಿಗೆ ಹಿಡಿದು ನೋಡಿ, ಇದನ್ನು ನಿನ್ನೆ ಕೂಡ ಬರೆದಿರಬಹುದು, ಮಸಿ ತಾರೀಖು ಹೇಳುವುದಿಲ್ಲ ಎಂದರು. ನ್ಯಾಯಾಧೀಶರು ನನ್ನ ಪ್ರಮಾಣಪತ್ರವನ್ನು ಓದಿ, ಟೈಪಿಸ್ಟ್ ಬಂದಿದ್ದಾರೆಯೇ ಎಂದು ಕೇಳಿದರು. ಎದ್ದು ನಿಂತೆ. ಗಟ್ಟಿಯಾಗಿ ಓದುತ್ತಿದ್ದವರು ಯಾರು ಎಂದರು. ನನ್ನ ತಮ್ಮ ಎಂದೆ. ಈಗ ಯಾಕೆ ಓದುವುದಿಲ್ಲ ಎಂದರು. ತೀರಿಕೊಂಡ ಎಂದೆ. ಅವರು ಏನೋ ಬರೆದುಕೊಂಡರು. ಕೂತೆ.

ಆಮೇಲೆ ಸಂಘದ ವಕೀಲರು ಹೊಸದೊಂದನ್ನು ಎತ್ತಿದರು. ಬಹಳ ಸರಳವಾಗಿ ಹೇಳಿದರು, ಒಳ್ಳೆಯ ವಕೀಲರು. ಈ ಅರ್ಜಿಯನ್ನು ನೀರುಗಂಟಿಗೆ ಕನ್ನಡದಲ್ಲಿ ಓದಿ ಹೇಳಲಾಗಿದೆ ಎಂದು ಕೆಳಗೆ ಸಹಿ ಇದೆ. ಕಾಲುವೆಯೇ ಬದುಕು ಎನ್ನುವ ಮನುಷ್ಯನಿಗೆ ಅದು ಬಿಟ್ಟುಹೋದದ್ದು ಗೊತ್ತಾಗಲಿಲ್ಲವೇ? ಓದಿದ್ದು ನಿಜವಾದರೆ ಕಾಲುವೆ ಬೇಡವೆಂದು ಅವನೇ ಬಿಟ್ಟಿದ್ದಾನೆ. ಓದಿಲ್ಲವಾದರೆ ಪ್ರಮಾಣಪತ್ರ ಸುಳ್ಳು. ಎರಡರಲ್ಲಿ ಯಾವುದು?

ರಾಮಪ್ರಸಾದರು ಎದ್ದರು. ಮೇಜಿನ ಮೇಲಿನ ಕಾಗದಗಳ ಅಂಚನ್ನು ಸಮ ಮಾಡಿದರು. ಅವರಿಗೆ ಐವತ್ತೆರಡು ವರ್ಷ, ಇಪ್ಪತ್ತೆಂಟು ವರ್ಷದ ವಕೀಲಿ. ಓದಲಾಗಿತ್ತು, ಅವನ ಗಮನಕ್ಕೆ ಬರಲಿಲ್ಲ ಎಂದರೆ ಮುಗಿಯುತ್ತಿತ್ತು. ಯಲ್ಲಯ್ಯನವರಿಗೆ ಇಂಗ್ಲಿಷ್ ಬಾರದು. ಏನು ನಡೆಯುತ್ತಿದೆ ಎಂದು ನನ್ನ ಮುಖ ನೋಡುತ್ತಿದ್ದರು.

"ಓದಿ ಹೇಳಿಲ್ಲ ಸ್ವಾಮಿ. ಆ ಸಹಿ ನನ್ನದು" ಎಂದರು ರಾಮಪ್ರಸಾದರು. ಇಂಗ್ಲಿಷಿನಲ್ಲಿ ಹೇಳಿದ್ದು. ಯಲ್ಲಯ್ಯನವರಿಗೆ ಕನ್ನಡದಲ್ಲಿ ಮೆಲ್ಲಗೆ ಹೇಳಿದೆ.

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. ಇದು ಗಂಭೀರ ವಿಷಯ, ಲಿಖಿತ ವಿವರಣೆ ಕೊಡಬೇಕು, ಹೊಸ ಪ್ರಮಾಣಪತ್ರವನ್ನು ನಿಜವಾಗಿ ಓದಿ ಹೇಳಿ ಮಂಗಳವಾರ ತರಬೇಕು, ತಡೆಯಾಜ್ಞೆ ಉಳಿಯುತ್ತದೋ ಇಲ್ಲವೋ ಅಂದು ನೋಡುತ್ತೇನೆ ಎಂದರು. ಅಲ್ಲಿಯವರೆಗೆ ಕಾಲುವೆಗೆ ಒಂದು ಬಾಣಲೆ ಮಣ್ಣೂ ಬೀಳಕೂಡದು. ಓದುವವರು ಯಾರು ಎಂದು ಕೇಳಿದಾಗ ರಾಮಪ್ರಸಾದರು ತಿರುಗಿ ನನ್ನನ್ನು ತೋರಿಸಿದರು.

ಹೊರಗೆ ಮೆಟ್ಟಿಲ ಮೇಲೆ ಅವರು ಗೌನು ಬಿಚ್ಚತೊಡಗಿದರು. ಫೈಲು ನಾನು ತೆಗೆದುಕೊಂಡೆ.

೨೦ ಜುಲೈ, ಭಾನುವಾರ

ರಾಮಪ್ರಸಾದರ ಮನೆಗೆ ನೆಂಟರು ಬಂದು ಆಫೀಸಿನ ಕೋಣೆಯಲ್ಲೇ ಹಾಸಿಗೆ ಬಿಚ್ಚಿದ್ದರು. ಆದ್ದರಿಂದ ನಮ್ಮ ಮನೆಯಲ್ಲಿ. ಯಲ್ಲಯ್ಯ ಮತ್ತು ಕೆಂಪಕ್ಕ ಹತ್ತಕ್ಕೆ ಬಂದರು, ವಿಮಲಾ ಸಾಕ್ಷಿಯಾಗಿ ಅವರಿಗಿಂತ ಮೊದಲೇ ಬಂದಿದ್ದಳು. ಅವರಿಬ್ಬರೂ ಬಾಗಿಲಲ್ಲೇ ನಿಂತರು. ಒಳಗೆ ಕರೆದೆ.

ಮೇಜಿನ ಹತ್ತಿರ ಎದುರುಬದುರಾಗಿ ಎರಡು ಕುರ್ಚಿ. ಒಂದರ ಮೇಲೆ ಮಡಿಸಿದ ಶಾಲು, ಕನ್ನಡಕದ ಪೆಟ್ಟಿಗೆ ಇದ್ದವು. ತೆಗೆದು ಬೀರುವಿನಲ್ಲಿ ಇಟ್ಟೆ.

"ಕೂತ್ಕೊಳ್ಳಿ."

"ಯಾರ್ದು ಮೇಡಂ ಇದು?"

"ನನ್ನ ತಮ್ಮಂದು. ಕಿಟ್ಟಿ ಅಂತ."

ಯಲ್ಲಯ್ಯ ಮೊದಲು ಅಂಚಿನಲ್ಲಿ ಕೂತರು. ಎರಡನೆಯ ಪುಟದ ಹೊತ್ತಿಗೆ ಹಿಂದಕ್ಕೆ ಒರಗಿದ್ದರು.

ಇಂಗ್ಲಿಷ್ ನೋಡುತ್ತ ಕನ್ನಡದಲ್ಲಿ ಓದುವುದು ನಾನು ಎಂದುಕೊಂಡಷ್ಟು ಸುಲಭವಲ್ಲ. ಇಂಗ್ಲಿಷಿನ ವಾಕ್ಯಕ್ಕೆ ತಲೆ ಮೊದಲು ಬರುತ್ತದೆ, ನಮ್ಮದಕ್ಕೆ ಕೊನೆಗೆ. ಪೂರ್ತಿ ವಾಕ್ಯ ಮನಸ್ಸಿನಲ್ಲಿ ಹಿಡಿದುಕೊಂಡು ಆಮೇಲೆ ಬಾಯಿ ತೆಗೆಯಬೇಕು. ಅನುವಾದದ ಪುಸ್ತಕಗಳನ್ನು ಓದುವಾಗ ಇಷ್ಟು ವರ್ಷ ಇದನ್ನು ಯೋಚಿಸಿರಲಿಲ್ಲ. 'ಪೂರ್ವಾಭಿಮುಖವಾಗಿ' ಎಂದೆ. ಅವರು ಸುಮ್ಮನಿದ್ದರು. 'ಮೂಡಲಿಗೆ' ಎಂದೆ. "ಸರಿ" ಎಂದರು. ಪ್ರತಿ ವಾಕ್ಯಕ್ಕೂ ಕಣ್ಣು ಮುಚ್ಚಿ ಕೇಳಿ, "ಸರಿ" ಎನ್ನುತ್ತಿದ್ದರು. ನಾನು ಹೇಳಿಕೊಟ್ಟದ್ದಲ್ಲ.

ಐದನೆಯ ಪುಟದಲ್ಲಿ ಕೆಂಪಕ್ಕ ನಕ್ಕರು. "ಅದ್ಯಾರಮ್ಮ ಫುಲ್‌ಸ್ಟಾಪು? ಆಗ್ಲಿಂದ ಹೇಳ್ತಾ ಇದೀಯ. ಅವ್ನೂ ನಮ್ ಕಡೆಯೋನಾ?" ವಿಮಲಾಳೂ ನಕ್ಕಳು. ನಾನು ಅದನ್ನು ಗಟ್ಟಿಯಾಗಿ ಓದುತ್ತಿದ್ದೆನೆಂದು ಆಗ ಗೊತ್ತಾಯಿತು. ನಮ್ಮ ಕಡೆಯವನೇ ಎಂದೆ.

ಷೆಡ್ಯೂಲಿನಲ್ಲಿ ಕೆರೆಯಂಗಳ, ಏರಿ ಸರಿಯಾದವು. ಕೋಡಿ ಮೂಡಲಿಗೆ ಎಂದು ಓದಿದಾಗ ಅವರು ಕಣ್ಣು ಬಿಟ್ಟರು. ಮೂಡಲಿಗಲ್ಲ, ಈಶಾನ್ಯದ ಮೂಲೆಗೆ ಎಂದರು. ಕರಡಿನಲ್ಲೇ ಪೂರ್ವ ಎಂದಿತ್ತು. ವಿಮಲಾ ಗುರುತು ಹಾಕಿಕೊಂಡಳು.

ಆಮೇಲೆ ಬಿಟ್ಟುಹೋಗಿದ್ದ ಸಾಲು. ಪಡುವಲ ದಿಣ್ಣೆಯಿಂದ ಹೊರಟು, ಸರ್ವೆ ನಂಬರ್ ಐವತ್ತೆಂಟನ್ನು ಹಾದು, ನೀರು ತರುವ ಕಾಲುವೆ, ಕೆರೆಯವರೆಗೆ.

ಯಲ್ಲಯ್ಯ "ಸರಿ" ಎನ್ನಲಿಲ್ಲ. ಕಾದೆ. ಇನ್ನೊಂದು ಸಲ ಓದಿದೆ. ಆಗಲೂ ಎನ್ನಲಿಲ್ಲ. ವಿಮಲಾ ಪೆನ್ನು ಎತ್ತಿಕೊಂಡಳು.

"ಏನಾದ್ರೂ ತಪ್ಪಿದೆಯಾ?" ಎಂದು ಕೇಳಿದೆ.

"ತಪ್ಪೇನಿಲ್ಲ" ಎಂದರು, ಕಣ್ಣು ಮುಚ್ಚಿಕೊಂಡೇ. "ಇನ್ನೊಂದ್ ಸಲ ಓದಿ."

ಮೂರನೆಯ ಸಲ ಓದಿದೆ.

"ಸರಿ."

ಆಫೀಸಿನಿಂದ ಶನಿವಾರವೇ ತಂದಿದ್ದ ಟೈಪ್‌ರೈಟರಿನಲ್ಲಿ ಕೋಡಿಯ ಪುಟವನ್ನು ಮತ್ತೆ ಟೈಪ್ ಮಾಡಿದೆ. ಎಲ್ಲ ಮುಗಿದ ಮೇಲೆ, ಕೊನೆಯಲ್ಲಿ, ಓದಿ ಹೇಳಲಾಗಿದೆ ಎಂಬ ಆ ಒಂದೂವರೆ ಸಾಲನ್ನು ಟೈಪ್ ಮಾಡಿದೆ. ಬೆರಳಿಗೆ ತಾನಾಗಿ ಬರಲಿಲ್ಲ. ಎರಡು ಕಡೆ ನೋಡಿಕೊಳ್ಳಬೇಕಾಯಿತು.

೨೨ ಜುಲೈ, ಮಂಗಳವಾರ

ತಡೆಯಾಜ್ಞೆ ಉಳಿಯಿತು. ಕಾಲುವೆಯೂ ಅದರೊಳಗೆ ಬಂತು. ಸುರಿದದ್ದನ್ನು ಸಂಘದವರೇ ಮೂರು ವಾರದೊಳಗೆ ಎತ್ತಬೇಕು. ರಾಮಪ್ರಸಾದರ ವಿವರಣೆಯನ್ನು ದಾಖಲೆಗೆ ಸೇರಿಸಿ ನ್ಯಾಯಾಧೀಶರು ಎಚ್ಚರಿಕೆ ಕೊಟ್ಟರು. ಅದು ಅಲ್ಲೇ ಇರುತ್ತದೆ. ಕೇಸು ಮುಗಿದಿಲ್ಲ, ಸಂಘದವರು ಮೇಲ್ಮನವಿ ಹಾಕುತ್ತಾರಂತೆ.

ಕರಡನ್ನು ಅದರ ಫೈಲಿನಲ್ಲಿ, ಅದರ ಜಾಗದಲ್ಲಿ ಇಟ್ಟೆ. ಮುಂದಿನ ಕೋಣೆಯ ಕುರ್ಚಿ ಒಂದನ್ನು ವೆರಾಂಡಕ್ಕೆ ತಂದು ಹಾಕಿದ್ದೆ. ರಾಮಪ್ರಸಾದರು ನೋಡಿ, "ಅಲ್ಲಿ ಯಾಕ್ರೀ? ಒಳಗೇ ಇರಲಿ, ಅವರೇ ಒಳಗೆ ಬರ್ಲಿ" ಎಂದರು. ಮತ್ತೆ ಒಳಗೆ ಇಟ್ಟೆ.

೩ ಆಗಸ್ಟ್, ಭಾನುವಾರ

ಅರ್ಧ ಮಣ್ಣು ಎತ್ತಿದ್ದಾರೆಂದು ಶುಕ್ರವಾರ ಯಲ್ಲಯ್ಯ ಬಂದು ಹೇಳಿದ್ದರು. ಉಳಿದದ್ದರ ನಡುವೆ ಒಂದು ಮೊಳ ಅಗಲಕ್ಕೆ ಊರವರೇ ದಾರಿ ಬಿಡಿಸಿದ್ದಾರಂತೆ.

ಊಟವಾದ ಮೇಲೆ ಕಾದಂಬರಿ ಹಿಡಿದು ಕೂತೆ. ನಲವತ್ತೊಂದು ಪುಟ. ಚಿಕ್ಕವನೇ ತಮ್ಮ, ಈಗ ಸ್ಪಷ್ಟವಾಯಿತು. ಮೂರು ಗಂಟೆ ನಲವತ್ತು ನಿಮಿಷಕ್ಕೆ ಮಳೆ ಶುರುವಾಯಿತು. ಗಡಿಯಾರ ನೋಡಿಕೊಂಡು ಮುಂಬಾಗಿಲಿಗೆ ಹೋದೆ. ಮೋಡ ದಕ್ಷಿಣಕ್ಕೂ ಅಷ್ಟೇ ಕಪ್ಪಾಗಿತ್ತು. ತಿಲಕ್ ನಗರದ ಮನೆಗಳು ಅಡ್ಡ ಬರುತ್ತವೆ, ಇಲ್ಲಿಂದ ಅರೆಕೆರೆ ಕಾಣುವುದಿಲ್ಲ, ಗೊತ್ತು. ನಾಲ್ಕೂ ನಲವತ್ತಕ್ಕೆ ಚಪ್ಪಡಿ ಕಲ್ಲು. ಮಳೆ ಬಿಡಲಿಲ್ಲ. ನಿಂತೇ ಇದ್ದೆ. ಐದೂ ನಲವತ್ತಕ್ಕೆ ಕೆರೆಯ ಬಾಯಿ. ಇನ್ನೂ ಐದು ನಿಮಿಷ ಹೆಚ್ಚಿಗೆ ಇರಲಿ ಎಂದು ನಿಂತು, ಆಮೇಲೆ ಒಳಗೆ ಬಂದೆ.

ಬಟ್ಟೆಗಳೆಲ್ಲ ಹಿತ್ತಲ ತಂತಿಯ ಮೇಲೆಯೇ ಇದ್ದವು. ನಾಳೆ ಆಫೀಸಿಗೆ ಉಡಲು ಒಣಗಿದ ಸೀರೆ ಒಂದೂ ಇಲ್ಲ.